ಮೆಥಕೋಲಿನ್ ಪರೀಕ್ಷೆಗೆ ಕೂರುವ ಮುನ್ನ ಎಲ್ಲವನ್ನೂ ಹೇಳಿಬಿಡಿ

ನಿಮಗೋ ನಿಮ್ಮ ಮನೆಯವರಿಗೋ ವೈದ್ಯರು ‘ಮೆಥಕೋಲಿನ್ ಚಾಲೆಂಜ್ ಟೆಸ್ಟ್’ ಎಂದು ಚೀಟಿ ಬರೆದುಕೊಟ್ಟಿದ್ದರೆ, ಪರೀಕ್ಷೆಯ ದಿನಕ್ಕೆ ಮೊದಲು ಇದನ್ನು ಪೂರ್ತಿ ಓದಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಚೀಟಿ ಬಂದಿಲ್ಲದವರೂ ಓದಿ. ತಿಂಗಳುಗಟ್ಟಲೆ ಕೆಮ್ಮುವವರು, ಮಹಡಿ ಹತ್ತುವಾಗ ಎದೆ ಹಿಡಿದುಕೊಂಡು ನಿಲ್ಲುವವರು, ಬೆಳಗಿನ ಜಾವ ಉಬ್ಬಸದಿಂದ ಎದ್ದು ಕೂರುವವರು ಎಲ್ಲರ ಬಳಗದಲ್ಲೂ ಇದ್ದಾರೆ. ಅವರಿಗೂ ಈ ಪರೀಕ್ಷೆ ಬೇಕಾಗುವ ದಿನ ಬರಬಹುದು.

ಶ್ವಾಸಕೋಶದ ಪರೀಕ್ಷೆ ನಡೆಯುವ ಕೋಣೆಯಲ್ಲಿ ರೋಗಿಯ ಪಕ್ಕ ನಿಂತು ‘ಊದಿ, ಊದಿ, ಇನ್ನೂ ಊದಿ, ಬಿಡಬೇಡಿ’ ಎಂದು ಹುರಿದುಂಬಿಸುವುದು ನನ್ನ ಕೆಲಸ. ಯಂತ್ರದ ಮುಂದೆ ಕೂತವರು ಎಷ್ಟೇ ಚೆನ್ನಾಗಿ ಊದಲಿ, ಕೂರುವ ಮೊದಲು ಅವರು ಏನು ಹೇಳಿದರು, ಏನನ್ನು ಹೇಳದೆ ಬಿಟ್ಟರು ಎನ್ನುವುದರ ಮೇಲೆ ಈ ಪರೀಕ್ಷೆಯ ಸುರಕ್ಷತೆ ನಿಂತಿದೆ. ಅದನ್ನು ನಿಮಗೆ ತಿಳಿಸಬೇಕೆಂದೇ ಈ ಮನವಿ.

ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಪಿಎಫ್‌ಟಿ ಎಂದು ಎಲ್ಲರೂ ಕರೆಯುವ ಸ್ಪೈರೊಮೆಟ್ರಿ ಪರೀಕ್ಷೆ. ಎದೆ ತುಂಬ ಉಸಿರೆಳೆದು ಕೊಳವೆಯೊಳಗೆ ಜೋರಾಗಿ ಊದುತ್ತೀರಿ. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂಬುದನ್ನು ಯಂತ್ರ ಅಳೆಯುತ್ತದೆ. ಆಮೇಲೆ ಸಾಲ್ಬುಟಮಾಲ್ ಪಂಪನ್ನು ಸ್ಪೇಸರ್ ಮೂಲಕ ನಾಲ್ಕು ಸಲ, ಒಟ್ಟು 400 ಮೈಕ್ರೊಗ್ರಾಂ ಕೊಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ಊದಿಸುತ್ತಾರೆ. ಮುಚ್ಚಿದ್ದ ದಾರಿ ಔಷಧದಿಂದ ತೆರೆದುಕೊಂಡರೆ ಅಸ್ತಮಾ ಇರುವ ಸಾಧ್ಯತೆಗೆ ಬಲ ಬರುತ್ತದೆ. ಬಹಳಷ್ಟು ಜನರಿಗೆ ಇಷ್ಟೇ ಸಾಕು. ಸ್ವಲ್ಪ ಕೈ ನಡುಗಬಹುದು, ಎದೆ ಡವಡವ ಎನ್ನಬಹುದು, ಸ್ವಲ್ಪ ಹೊತ್ತಿಗೆ ಅದೂ ಇಳಿಯುತ್ತದೆ.

ತೊಡಕು ಇರುವುದು ಅಸ್ತಮಾದ ಸ್ವಭಾವದಲ್ಲಿ. ಅದು ಬಂದು ಹೋಗುವ ಕಾಯಿಲೆ. ರಾತ್ರಿ ಮೂರಕ್ಕೆ ಉಸಿರು ಸಿಗದೆ ಒದ್ದಾಡಿದವರು ಬೆಳಿಗ್ಗೆ ಹನ್ನೊಂದಕ್ಕೆ ಆಸ್ಪತ್ರೆಗೆ ಬಂದು ಊದಿದರೆ ಎಲ್ಲ ಅಂಕಿಗಳೂ ಸರಿಯಾಗಿಯೇ ಬರಬಹುದು. ಮುಚ್ಚಿರದ ದಾರಿಯನ್ನು ಸಾಲ್ಬುಟಮಾಲ್ ತೆರೆಯುವುದಾದರೂ ಎಲ್ಲಿಂದ? ಇಂಥ ಅನುಮಾನ ಉಳಿದಾಗ ವೈದ್ಯರು ತಿರುಗಿಸಿ ಕೇಳುತ್ತಾರೆ: ಈ ಶ್ವಾಸನಾಳಗಳನ್ನು ಸ್ವಲ್ಪ ಕೆಣಕಿದರೆ ಎಷ್ಟು ಬೇಗ ಬಿಗಿಯುತ್ತವೆ? ಮೆಥಕೋಲಿನ್ ಕೊಡುವುದು ಅದಕ್ಕೆ. ನಮ್ಮ ನರಗಳೇ ಸ್ರವಿಸುವ ಅಸಿಟೈಲ್‌ಕೋಲಿನ್ ಎಂಬ ವಸ್ತುವಿನ ಸಂಬಂಧಿ ಅದು. ಉಸಿರಿನಲ್ಲಿ ಒಳಗೆ ಹೋದಾಗ ಶ್ವಾಸನಾಳದ ಸುತ್ತಲಿನ ಸ್ನಾಯುಗಳನ್ನು ಸಂಕುಚಿಸುತ್ತದೆ. ಆರೋಗ್ಯವಂತರ ನಾಳಗಳು ಸಾಕಷ್ಟು ದೊಡ್ಡ ಪ್ರಮಾಣಕ್ಕೂ ಜಗ್ಗುವುದಿಲ್ಲ. ಅಸ್ತಮಾ ಇರುವವರ ನಾಳಗಳು ಸಣ್ಣ ಪ್ರಮಾಣಕ್ಕೇ ಬಿಗಿದುಕೊಳ್ಳುತ್ತವೆ.

ಅಂದರೆ ಇದು ಎದೆ ಬಿಗಿಸಲೆಂದೇ ಕೊಡುವ ಔಷಧ. ನೆಬುಲೈಸರ್‌ನಲ್ಲಿ ಹಾಕಿ ಕೊಡುವುದರಿಂದ ಅದನ್ನು ಕಂಡ ಕೂಡಲೇ ನಮ್ಮ ಜನ ‘ಉಸಿರಾಟಕ್ಕೆ ಸ್ಟೀಮ್ ಕೊಡ್ತಾರೆ, ಆರಾಮಾಗುತ್ತೆ’ ಎಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಅಂದುಕೊಂಡು ಕೂರಬೇಡಿ. ಇದು ಚಿಕಿತ್ಸೆ ಅಲ್ಲ. ಮನೆಯಲ್ಲಿ ಮಾಡುವಂಥದಲ್ಲ, ಮೆಡಿಕಲ್ ಶಾಪಿನಲ್ಲಿ ಕೇಳಿ ತರುವಂಥದಲ್ಲ, ಪಕ್ಕದ ಮನೆಯವರ ಚೀಟಿ ತೋರಿಸಿ ಮಾಡಿಸಿಕೊಳ್ಳುವಂಥದಂತೂ ಅಲ್ಲವೇ ಅಲ್ಲ.

ಹಾಗೆಂದು ಹೆದರಿ ಓಡಬೇಕಾದ ಪರೀಕ್ಷೆಯೂ ಇದಲ್ಲ. ಇದರ ಹಿಂದೆ ದಶಕಗಳ ಅನುಭವವಿದೆ. ಫ್ರಾನ್ಸಿನ ರಾಬರ್ಟ್ ಟಿಫ್ನೊ 1940ರ ದಶಕದಲ್ಲಿ ಅಸಿಟೈಲ್‌ಕೋಲಿನ್ ಉಸಿರಾಡಿಸಿ ಶ್ವಾಸನಾಳಗಳ ಸೂಕ್ಷ್ಮತೆ ಅಳೆಯಲು ನೋಡಿದ್ದರು. 1977ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಡೊನಾಲ್ಡ್ ಕಾಕ್‌ಕ್ರಾಫ್ಟ್ ಮತ್ತು ಫ್ರೆಡಿ ಹಾರ್ಗ್ರೀವ್ ಅವರ ತಂಡ ಹಿಸ್ಟಮಿನ್ ಬಳಸಿ ಈ ಬಗೆಯ ಪರೀಕ್ಷೆಗೆ ಕ್ರಮಬದ್ಧ ರೂಪ ಕೊಟ್ಟಿತು. ಅಮೆರಿಕದ ಎಫ್‌ಡಿಎ 1986ರಲ್ಲಿ ಮೆಥಕೋಲಿನ್‌ಗೆ ಅನುಮತಿ ನೀಡಿತು. ಅಲ್ಲಿಂದೀಚೆಗೆ ಲೆಕ್ಕವಿಲ್ಲದಷ್ಟು ಜನ ಈ ಪರೀಕ್ಷೆ ಮಾಡಿಸಿಕೊಂಡಿದ್ದಾರೆ. ನಿಯಮದಂತೆ ನಡೆದಾಗ ಗಂಭೀರ ತೊಂದರೆ ತೀರ ಅಪರೂಪ. ಆ ‘ನಿಯಮದಂತೆ’ ಎಂಬ ಷರತ್ತಿನಲ್ಲಿ ಅರ್ಧ ಭಾಗ ನಮ್ಮಂಥ ಸಿಬ್ಬಂದಿಯದು, ಇನ್ನರ್ಧ ನಿಮ್ಮದು.

ಇದರಿಂದ ಪ್ರಯೋಜನವೇನು ಎಂದು ಕೇಳುವವರಿಗೆ ಕೆನಡಾದ್ದೇ ಒಂದು ಅಧ್ಯಯನ ಉತ್ತರ ಕೊಡುತ್ತದೆ. ‘ನಿಮಗೆ ಅಸ್ತಮಾ’ ಎಂದು ವೈದ್ಯರಿಂದ ಹೇಳಿಸಿಕೊಂಡಿದ್ದ ವಯಸ್ಕರನ್ನು ಅಲ್ಲಿನ 10 ನಗರಗಳಲ್ಲಿ ಮತ್ತೆ ಪರೀಕ್ಷಿಸಿದರು. ಔಷಧವನ್ನು ಹಂತಹಂತವಾಗಿ ಇಳಿಸುತ್ತ, ಸ್ಪೈರೊಮೆಟ್ರಿ ಮತ್ತು ಮೆಥಕೋಲಿನ್ ಪರೀಕ್ಷೆಗಳನ್ನು ಮತ್ತೆ ಮತ್ತೆ ಮಾಡಿದರು. ಪೂರ್ತಿ ಪರೀಕ್ಷೆಗೆ ಒಳಗಾದ 613 ಜನರಲ್ಲಿ 203 ಜನರಿಗೆ ಆಗ ಅಸ್ತಮಾ ಇರಲೇ ಇಲ್ಲ. ಮೂವರಲ್ಲಿ ಒಬ್ಬರು! ಅವರಲ್ಲಿ 12 ಜನರಿಗೆ ಹೃದಯದ್ದೋ ಶ್ವಾಸಕೋಶದ್ದೋ ಬೇರೆಯೇ ಗಂಭೀರ ಕಾಯಿಲೆ ಇತ್ತು. ಅಸ್ತಮಾ ಎಂಬ ಹಣೆಪಟ್ಟಿ ಅದನ್ನು ಮುಚ್ಚಿಟ್ಟಿತ್ತು. 2017ರಲ್ಲಿ ಈ ಅಧ್ಯಯನ ಪ್ರಕಟವಾದಾಗ ನನ್ನನ್ನು ಕಾಡಿದ್ದು ಆ ಹನ್ನೆರಡು ಜನರ ವಿಚಾರ. ಸ್ಪೈರೊಮೆಟ್ರಿ ಸುಲಭವಾಗಿ ಸಿಗುವ ದೇಶದಲ್ಲೇ ಹೀಗಾದರೆ, ಕೆಮ್ಮು ಎಂದ ಕೂಡಲೇ ಸಿರಪ್ಪು, ದಮ್ಮು ಎಂದ ಕೂಡಲೇ ಇಂಜೆಕ್ಷನ್ ಕೊಟ್ಟು ಕಳಿಸುವ ನಮ್ಮಲ್ಲಿ ಏನಾಗುತ್ತಿರಬೇಡ?

ನಮಗೆ ಈ ಪ್ರಶ್ನೆ ಸಣ್ಣದಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ಎರಡು ದಶಕಗಳ ಕಾಲ ಅಧ್ಯಯನ ಮಾಡಿ, 1979ರಲ್ಲಿ ಶೇ 9ರಷ್ಟಿದ್ದ ಅಸ್ತಮಾ 1999ರ ಹೊತ್ತಿಗೆ ಶೇ 29.5ಕ್ಕೆ ಏರಿದ್ದನ್ನು ದಾಖಲಿಸಿದ್ದಾರೆ. ಅಸ್ತಮಾ ಇದ್ದೂ ಚಿಕಿತ್ಸೆ ಇಲ್ಲದೆ ನರಳುವವರು ಒಂದು ಕಡೆ, ಇಲ್ಲದ ಅಸ್ತಮಾಕ್ಕೆ ವರ್ಷಗಟ್ಟಲೆ ಔಷಧ ತೆಗೆದುಕೊಳ್ಳುವವರು ಇನ್ನೊಂದು ಕಡೆ. ಸರಿಯಾದ ಪರೀಕ್ಷೆ ಇಬ್ಬರಿಗೂ ಬೇಕು.

ಇನ್ನು, ನಾನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂಬುದಕ್ಕೆ 2001ರ ಒಂದು ಸಾವಿನ ಕತೆ ಹೇಳಲೇಬೇಕು. ಅಮೆರಿಕದ ಬಾಲ್ಟಿಮೋರ್‌ನಲ್ಲಿರುವ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ, ಆರೋಗ್ಯವಂತರ ಶ್ವಾಸನಾಳಗಳು ಹೇಗೆ ತೆರೆದೇ ಇರುತ್ತವೆ ಎಂಬುದನ್ನು ತಿಳಿಯಲು ಒಂದು ಸಂಶೋಧನೆ ನಡೆದಿತ್ತು. ಸ್ವಯಂಸೇವಕರಿಗೆ ಹೆಕ್ಸಮಿಥೋನಿಯಂ ಎಂಬ ವಸ್ತುವನ್ನು ಉಸಿರಾಡಿಸಿ, ಮೆಥಕೋಲಿನ್‌ಗೆ ನಾಳಗಳು ಹೇಗೆ ಸ್ಪಂದಿಸುತ್ತವೆ ಎಂದು ನೋಡುವುದು ಅದರ ಭಾಗ. ಅಲ್ಲೇ ಕೆಲಸ ಮಾಡುತ್ತಿದ್ದ 24 ವರ್ಷದ ತಂತ್ರಜ್ಞೆಯೊಬ್ಬಳು, ಪೂರ್ತಿ ಆರೋಗ್ಯವಂತೆ, ಮೇ 4ರಂದು ಹೆಕ್ಸಮಿಥೋನಿಯಂ ಉಸಿರಾಡಿದಳು. ಕೆಮ್ಮು ಶುರುವಾಯಿತು, ಶ್ವಾಸಕೋಶಗಳು ಸೋತವು, ಜೂನ್ 2ರಂದು ತೀರಿಕೊಂಡಳು. ತನಿಖೆಯ ಬೆರಳು ತೋರಿದ್ದು ಹೆಕ್ಸಮಿಥೋನಿಯಂ ಕಡೆಗೆ. ಮೆಥಕೋಲಿನ್ ಪರೀಕ್ಷೆಯನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಆದರೆ ತನಿಖೆ ಬಯಲಿಗೆಳೆದ ಲೋಪಗಳು ಉಸಿರಿನ ಮೂಲಕ ಏನನ್ನಾದರೂ ಕೊಡುವ ಪ್ರತಿ ಕೋಣೆಗೂ ಪಾಠ. ಬಳಸಿದ ವಸ್ತು ಪ್ರಯೋಗಾಲಯದ ರಾಸಾಯನಿಕವಾಗಿ ತರಿಸಿದ್ದು, ರೋಗಿಗಳಿಗೆಂದು ತಯಾರಾದ ಔಷಧವಲ್ಲ. ಅದು ಶ್ವಾಸಕೋಶಕ್ಕೆ ಹಾನಿ ಮಾಡಬಹುದೆಂದು 1950ರ ದಶಕದ ವೈದ್ಯಕೀಯ ಬರಹಗಳಲ್ಲೇ ಇದ್ದದ್ದು ಸಂಶೋಧಕರ ಕಣ್ಣಿಗೆ ಬಿದ್ದಿರಲಿಲ್ಲ. ಅವಳಿಗಿಂತ ಮೊದಲು ಉಸಿರಾಡಿದ್ದ ಒಬ್ಬರಿಗೆ ಕೆಮ್ಮು, ಏದುಸಿರು ಬಂದಿದ್ದರೂ ಅದನ್ನು ಸಂಶೋಧನೆಯ ಮೇಲ್ವಿಚಾರಣಾ ಸಮಿತಿಗೆ ಕೂಡಲೇ ತಿಳಿಸಿರಲಿಲ್ಲ. ಮತ್ತೆ, ಅವಳು ಸಹಿ ಹಾಕಿದ ಒಪ್ಪಿಗೆ ಪತ್ರ ಹೆಕ್ಸಮಿಥೋನಿಯಂ ಅನ್ನು ‘ಔಷಧ’ ಎಂದೇ ಕರೆದಿತ್ತು. ಉಸಿರಿನಲ್ಲಿ ಕೊಡಲು ಅದಕ್ಕೆ ಅನುಮತಿ ಇಲ್ಲ ಎಂಬ ಮಾತು ಅದರಲ್ಲಿ ಇರಲಿಲ್ಲ. ಅದೇ ವರ್ಷದ ಜುಲೈಯಲ್ಲಿ ಅಮೆರಿಕ ಸರ್ಕಾರ ತನ್ನ ಹಣದಲ್ಲಿ ಅಲ್ಲಿ ನಡೆಯುತ್ತಿದ್ದ, ಮನುಷ್ಯರ ಮೇಲಿನ ಸಂಶೋಧನೆಗಳನ್ನು ತಡೆಹಿಡಿಯಿತು.

ಆಸ್ಪತ್ರೆಯೊಳಗೇ ದುಡಿಯುವವಳಿಗೂ ಪೂರ್ತಿ ಸಂಗತಿ ತಿಳಿದಿರಲಿಲ್ಲ. ಹೀಗಿರುವಾಗ ಇಂಗ್ಲಿಷಿನ ನಾಲ್ಕು ಪುಟಕ್ಕೆ ಕಣ್ಣು ಹಾಯಿಸಿ ‘ಎಲ್ಲಿ ಸೈನ್ ಮಾಡಬೇಕು?’ ಎಂದು ಕೇಳುವ ನಮ್ಮವರ ಬಗ್ಗೆ ನನಗೆ ಚಿಂತೆ ಆಗದಿದ್ದೀತೆ?

ಹಾಗಾಗಿ, ಪರೀಕ್ಷೆಗೆ ಬರುವವರಲ್ಲಿ ನನ್ನ ಬೇಡಿಕೆ ಇಷ್ಟು. ಕೇಳಿದ್ದಕ್ಕೂ ಕೇಳದಿದ್ದಕ್ಕೂ ಉತ್ತರ ಹೇಳಿ. ಕಳೆದ ಮೂರು ತಿಂಗಳಲ್ಲಿ ಹೃದಯಾಘಾತವೋ ಪಾರ್ಶ್ವವಾಯುವೋ ಆಗಿದ್ದರೆ ಈ ಪರೀಕ್ಷೆ ಮಾಡುವಂತಿಲ್ಲ. ಹತೋಟಿಗೆ ಬಾರದ ಬಿಪಿ ಇದ್ದರೆ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಉಬ್ಬಿದೆ ಎಂದು ಸ್ಕ್ಯಾನ್‌ನಲ್ಲಿ ಬಂದಿದ್ದರೆ ಮಾಡುವಂತಿಲ್ಲ. ಇತ್ತೀಚೆಗೆ ಕಣ್ಣಿನ ಆಪರೇಷನ್ ಆಗಿದ್ದರೂ ಹೇಳಿ. ಕಣ್ಣಿಗೂ ಉಸಿರಿಗೂ ಎತ್ತಣ ಸಂಬಂಧ ಎಂದು ಅನೇಕರು ಅಚ್ಚರಿಪಡುತ್ತಾರೆ. ಜೋರಾಗಿ ಊದುವಾಗ ತಲೆಯಲ್ಲೂ ಕಣ್ಣಲ್ಲೂ ಒತ್ತಡ ಏರುತ್ತದೆ, ಹೊಲಿಗೆ ಹಾಕಿದ ಕಣ್ಣಿಗೆ ಅದು ಒಳ್ಳೆಯದಲ್ಲ. ಗರ್ಭಿಣಿಯರು, ಮಗುವಿಗೆ ಹಾಲುಣಿಸುವ ತಾಯಂದಿರು ಹೇಳಲು ಸಂಕೋಚಪಡಬಾರದು. ಮುಟ್ಟು ನಿಂತು ಕೆಲವೇ ದಿನವಾಗಿದ್ದು ಇನ್ನೂ ಖಾತ್ರಿ ಇಲ್ಲದಿದ್ದರೂ ಹೇಳಿ; ಸೊಸೆ ಅತ್ತೆಯ ಎದುರು ಹೇಳಲಾರದೆ ನಿಂತಿದ್ದರೆ, ನಮ್ಮ ಹತ್ತಿರ ಒಬ್ಬಳೇ ಮಾತಾಡಬೇಕು ಎಂದು ಕೇಳುವ ಹಕ್ಕು ಅವಳಿಗಿದೆ.

ಬಿಪಿಗೆ, ಹೃದಯಕ್ಕೆ, ಮೈಗ್ರೇನ್‌ಗೆ, ಕೈನಡುಕಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳಿವೆ: ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ಹೀಗೆ ಹೆಸರಿನ ಕೊನೆಗೆ ‘ಲಾಲ್’ ಬರುವಂಥವು. ಇವು ಮೆಥಕೋಲಿನ್‌ನ ಬಿಗಿತವನ್ನು ಹೆಚ್ಚಿಸಬಹುದು, ಆ ಬಿಗಿತ ಬಿಡಿಸಲು ನಾವು ಕೊಡುವ ಸಾಲ್ಬುಟಮಾಲ್ ಕೆಲಸ ಮಾಡದಂತೆ ತಡೆಯಲೂಬಹುದು. ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿಯೂ ಇದೇ ಗುಂಪಿನದು. ಹನಿಯನ್ನು ಔಷಧವೆಂದು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ‘ಏನಾದ್ರೂ ಮಾತ್ರೆ ತಗೋತೀರಾ ಅಜ್ಜಾ?’ ಎಂದರೆ ‘ಇಲ್ಲವ್ವ’ ಎನ್ನುತ್ತಾರೆ, ಹನಿಯ ಬಾಟಲಿ ಜೇಬಿನಲ್ಲೇ ಇರುತ್ತದೆ. ಆದ್ದರಿಂದ ಬಾಯಿಲೆಕ್ಕ ಬೇಡ. ಮನೆಯಲ್ಲಿರುವ ಮಾತ್ರೆ, ಹನಿ, ಸಿರಪ್ಪು, ಪಂಪು, ಪುಡಿ, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ತನ್ನಿ. ಆದರೆ ಹೃದಯದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಿ ಮಾತ್ರ ಬರಬೇಡಿ. ಬೀಟಾ ಬ್ಲಾಕರ್ ತಟ್ಟನೆ ಬಿಟ್ಟರೆ ಹೃದಯಕ್ಕೇ ಅಪಾಯ.

ರೈತರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು, ಯಾಕೆಂದರೆ ಬೇರೆ ದೇಶದ ಕೈಪಿಡಿಗಳ ಪ್ರಶ್ನೆಗಳಲ್ಲಿ ನಿಮ್ಮ ಹೊಲ ನೆನಪಾಗುವುದಿಲ್ಲ. ಮೆಥಕೋಲಿನ್‌ನಂಥ ವಸ್ತುಗಳನ್ನು ಒಡೆದುಹಾಕುವ ಕಿಣ್ವವೊಂದು ನಮ್ಮ ಮೈಯಲ್ಲಿದೆ, ಕೋಲಿನ್‌ಎಸ್ಟರೇಸ್ ಎನ್ನುತ್ತಾರೆ. ಅದನ್ನು ತಡೆಯುವ ಪಿರಿಡೊಸ್ಟಿಗ್ಮೈನ್ ಮಾತ್ರೆಯನ್ನು ಮಯಸ್ತೇನಿಯಾ ಎಂಬ ಸ್ನಾಯುಕಾಯಿಲೆಗೆ ತೆಗೆದುಕೊಳ್ಳುತ್ತಿರುವವರಿಗೆ ಈ ಪರೀಕ್ಷೆ ಬೇಡ ಎನ್ನುತ್ತಾರೆ. ಹತ್ತಿಗೆ, ಮೆಣಸಿನಕಾಯಿಗೆ ಹೊಡೆಯುವ ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್‌ನಂಥ ಕೀಟನಾಶಕಗಳು ತಡೆಯುವುದೂ ಅದೇ ಕಿಣ್ವವನ್ನೇ. ಹಾವೇರಿಯ ಕಡೆಯವರಿರಲಿ, ರಾಯಚೂರಿನವರಿರಲಿ, ಇತ್ತೀಚೆಗೆ ಬೆಳೆಗೆ ಎಣ್ಣೆ ಹೊಡೆದಿದ್ದರೆ, ಹೊಡೆಯುವಾಗ ತಲೆ ಸುತ್ತಿ ಕಣ್ಣು ಮಂಜಾಗಿದ್ದರೆ, ಕೇಳದಿದ್ದರೂ ವೈದ್ಯರಿಗೆ ಹೇಳಿ. ಅವರು ದಿನ ಮುಂದೂಡಿದರೆ ಬೇಸರ ಮಾಡಿಕೊಳ್ಳಬೇಡಿ.

ಇನ್ನು ನಿಲ್ಲಿಸಬೇಕಾದ ಔಷಧಗಳ ವಿಚಾರ. ಹೆಚ್ಚು ಗೊಂದಲ ಆಗುವುದು ಇಲ್ಲಿಯೇ. ಶ್ವಾಸನಾಳ ಸಡಿಲಿಸುವ ಔಷಧ ಮೈಯಲ್ಲಿದ್ದರೆ ಮೆಥಕೋಲಿನ್ ಬಿಗಿಸಲಾರದು; ಅಸ್ತಮಾ ಇದ್ದರೂ ಇಲ್ಲವೆಂಬ ಸುಳ್ಳು ಫಲಿತಾಂಶ ಬರುತ್ತದೆ. 2017ರ ಯುರೋಪಿಯನ್ ಮಾರ್ಗಸೂಚಿಯ ಪ್ರಕಾರ ಅಸ್ತಾಲಿನ್‌ನಂಥ ಸಾಲ್ಬುಟಮಾಲ್ ಪಂಪು ತೆಗೆದುಕೊಂಡು ಕನಿಷ್ಠ 6 ಗಂಟೆ ಆಗಿರಬೇಕು. ಫೊರಾಕಾರ್ಟ್, ಸೆರೊಫ್ಲೊ ಇವುಗಳಲ್ಲಿರುವ ದೀರ್ಘಕಾಲದ ಸಡಿಲಿಕೆಯ ಔಷಧಕ್ಕೆ 36 ಗಂಟೆ. ದಿನಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ವಿಲಾಂಟೆರಾಲ್‌ನಂಥವಕ್ಕೆ 48. ಡ್ಯುಯೊಲಿನ್‌ನಲ್ಲಿರುವ ಇಪ್ರಾಟ್ರೋಪಿಯಂಗೆ 12 ಗಂಟೆ, ಟಿಯೋಟ್ರೋಪಿಯಂಗೆ ಪೂರ್ತಿ ಒಂದು ವಾರ. ಡೆರಿಫಿಲಿನ್‌ನಂಥ ಥಿಯೊಫಿಲಿನ್ ಮಾತ್ರೆಗೆ 12ರಿಂದ 24 ಗಂಟೆ. ಕೆಮ್ಮಿನ ಸಿರಪ್ಪುಗಳನ್ನೂ ಮರೆಯಬೇಡಿ. ಅಂಗಡಿಯಲ್ಲಿ ಸುಮ್ಮನೆ ಸಿಗುವ ಹಲವು ಸಿರಪ್ಪುಗಳಲ್ಲಿ ಟರ್ಬುಟಾಲಿನ್ ಅಥವಾ ಸಾಲ್ಬುಟಮಾಲ್ ಸೇರಿರುತ್ತದೆ, ಬಾಟಲಿಯ ಹಿಂದಿನ ಸಣ್ಣಕ್ಷರ ಓದಿದರೆ ಕಾಣುತ್ತದೆ.

ಈ ಗಂಟೆಗಳನ್ನು ಓದಿ ನೀವೇ ಲೆಕ್ಕ ಹಾಕಿಕೊಂಡು ನಿಲ್ಲಿಸಬೇಡಿ ಎಂದು ಬೇಡಿಕೊಳ್ಳುತ್ತೇನೆ. ಯಾವುದನ್ನು, ಯಾವಾಗಿನಿಂದ ಎಂಬುದನ್ನು ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ. ನಿಲ್ಲಿಸಿದ ಆ ದಿನಗಳಲ್ಲಿ ಉಬ್ಬಸ ಏರಿದರೆ ತಡೆದುಕೊಂಡು ಕೂರಬೇಡಿ. ಪಂಪು ತೆಗೆದುಕೊಳ್ಳಿ, ಬೇಕಾದರೆ ಆಸ್ಪತ್ರೆಗೆ ಬನ್ನಿ. ‘ಟೆಸ್ಟು ಹಾಳಾಗುತ್ತೆ ಅಂತ ಸಹಿಸ್ಕೊಂಡೆ ಮೇಡಂ’ ಎಂದು ನೀಲಿಗಟ್ಟಿದ ತುಟಿಯಲ್ಲಿ ಯಾರೂ ನನ್ನ ಮುಂದೆ ನಿಲ್ಲುವಂತಾಗಬಾರದು. ಪರೀಕ್ಷೆಗೆ ಇನ್ನೊಂದು ದಿನ ಸಿಗುತ್ತದೆ. ಔಷಧ ಬಿಟ್ಟ ಮಾತ್ರಕ್ಕೆ ಅಷ್ಟು ಉಬ್ಬಸ ಬಂತು ಎನ್ನುವುದೇ ವೈದ್ಯರಿಗೆ ದೊಡ್ಡ ಸುಳಿವು.

ನಾಟಿ ಔಷಧದ ಬಗ್ಗೆಯೂ ಮುಚ್ಚುಮರೆ ಬೇಡ. ಆಡುಸೋಗೆಯ ಕಷಾಯ ಕುಡಿಯುತ್ತಿದ್ದರೆ ಹೇಳಿ. ದತ್ತೂರಿ ಎಲೆಯ ಹೊಗೆ ಎಳೆಯುವ ಹಳೆಯ ರೂಢಿ ಕೆಲವೆಡೆ ಇನ್ನೂ ಇದೆ. ಅದರಲ್ಲಿರುವ ಅಟ್ರೋಪಿನ್ ಮೆಥಕೋಲಿನ್‌ನ ನೇರ ವೈರಿ, ಜೊತೆಗೆ ಸ್ವತಃ ವಿಷ. ಹೆಸರಿಲ್ಲದ ಪೊಟ್ಟಣದ ಪುಡಿ ತಿಂದು ಆರಾಮಾಗಿದ್ದೇನೆ ಎನ್ನುವವರು ಪೊಟ್ಟಣವನ್ನೇ ತನ್ನಿ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಉಂಟು. ಮೃಗಶಿರ ಮಳೆಯ ಹೊತ್ತಿಗೆ ಹೈದರಾಬಾದಿಗೆ ಹೋಗಿ ಮೀನು ನುಂಗಿ ಬಂದವರನ್ನು ನಾವು ಬೈಯುವುದಿಲ್ಲ. ಬೈಯುವವರು ಯಾರಾದರೂ ಇದ್ದರೆ ಅದು ಅವರ ತಪ್ಪು. ನಮಗೆ ಬೇಕಾಗಿರುವುದು ನಿಮ್ಮ ಮೈಯಲ್ಲಿ ಏನಿದೆ ಎಂಬ ಮಾಹಿತಿ ಮಾತ್ರ.

ನೆಗಡಿ, ಜ್ವರ, ಕಫ ಬಂದು ಆರು ವಾರ ಕಳೆದಿಲ್ಲವಾದರೂ ತಿಳಿಸಿ. ವೈರಸ್ ಸೋಂಕಿನ ನಂತರ ಆರೋಗ್ಯವಂತರ ನಾಳಗಳೂ ಕೆಲಕಾಲ ಸೂಕ್ಷ್ಮವಾಗಿಯೇ ಇರುತ್ತವೆ. ಪರೀಕ್ಷೆಯ ದಿನ ಬೀಡಿ ಸಿಗರೇಟು ಮುಟ್ಟಬೇಡಿ, ಬೆವರು ಸುರಿಸುವ ವ್ಯಾಯಾಮ ಬೇಡ. ಕಾಫಿಯ ಬಗ್ಗೆ ಕೇಳದವರಿಲ್ಲ. ಹಳೆಯ ಮಾರ್ಗಸೂಚಿಗಳು ಬೇಡ ಎನ್ನುತ್ತಿದ್ದವು, ಹೊಸದು ರೂಢಿಯ ಪ್ರಮಾಣಕ್ಕೆ ಅಡ್ಡಿ ಹೇಳುವುದಿಲ್ಲ. ನಿಮ್ಮ ಲ್ಯಾಬಿನವರು ಹೇಳಿದಂತೆ ಮಾಡಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಬನ್ನಿ.

ಪರೀಕ್ಷೆ ಶುರುವಾಗುವ ಮೊದಲು ಯಾವ ಔಷಧವನ್ನೂ ಕೊಡದೆ ಒಮ್ಮೆ ಸ್ಪೈರೊಮೆಟ್ರಿ ಆಗಲೇಬೇಕು. ನಿಮ್ಮ ಎತ್ತರ ವಯಸ್ಸಿಗೆ ಇರಬೇಕಾದ ಮೊದಲ ಸೆಕೆಂಡಿನ ಗಾಳಿಯ ಶೇ 60ಕ್ಕಿಂತ ಕಡಿಮೆ ಬಂದರೆ, ವಯಸ್ಕರಲ್ಲಿ ಒಂದೂವರೆ ಲೀಟರಿಗಿಂತ ಕಡಿಮೆ ಬಂದರೆ, ಮೆಥಕೋಲಿನ್ ಕೊಡಬಾರದು. ಈಗಾಗಲೇ ಕಿರಿದಾದ ದಾರಿಯನ್ನು ಇನ್ನೂ ಬಿಗಿಸುವುದು ಅಪಾಯ, ಮತ್ತು ಅಷ್ಟು ಕಿರಿದಾಗಿದ್ದರೆ ಈ ಪರೀಕ್ಷೆಯ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ. ‘ನನ್ನ ಮೊದಲ ಊದುವಿಕೆ ಎಷ್ಟು ಬಂತು?’ ಎಂದು ಕೇಳಿ. ಕೇಳುವುದು ಉದ್ಧಟತನ ಎಂದು ಯಾರೂ ಅಂದುಕೊಳ್ಳುವುದಿಲ್ಲ. ಕೋಣೆಯಲ್ಲಿ ಸಾಲ್ಬುಟಮಾಲ್, ಆಮ್ಲಜನಕ, ಬೆರಳಿಗೆ ಹಾಕುವ ಆಕ್ಸಿಮೀಟರ್ ಇವೆಯೇ, ಕೂಗಿದರೆ ಬರುವಷ್ಟು ಹತ್ತಿರ ವೈದ್ಯರು ಇದ್ದಾರೆಯೇ ಎಂದೂ ಕೇಳಿ. ಇಲ್ಲ ಎಂದರೆ ಎದ್ದು ಬನ್ನಿ.

ಆಮೇಲೆ ನಡೆಯುವುದು ಹೀಗೆ. ಮೂಗಿಗೆ ಕ್ಲಿಪ್ ಹಾಕಿ, ನೆಬುಲೈಸರ್‌ನಿಂದ ಬರುವ ಹನಿಮಂಜನ್ನು ಒಂದು ನಿಮಿಷ ಸಹಜವಾಗಿ ಉಸಿರಾಡಲು ಹೇಳುತ್ತಾರೆ. ಅರ್ಧ ನಿಮಿಷ, ಒಂದೂವರೆ ನಿಮಿಷ ಬಿಟ್ಟು ಊದಿಸುತ್ತಾರೆ. ತೀರ ಕಡಿಮೆ ಪ್ರಮಾಣದಿಂದ ಶುರುಮಾಡಿ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಮೊದಲಿಗಿಂತ ಶೇ 20ರಷ್ಟು ಗಾಳಿ ಇಳಿದ ಕೂಡಲೇ ನಿಲ್ಲಿಸಬೇಕು. ನಡುವೆ ಕೆಮ್ಮು ಬರಬಹುದು, ಎದೆ ಬಿಗಿದಂತಾಗಬಹುದು, ಸುಯ್ ಎಂಬ ಸದ್ದು ಕೇಳಬಹುದು, ತಲೆ ಹಗುರಾಗಬಹುದು. ಹಾಗಾದಾಗ ಕೈ ಎತ್ತಿ. ‘ಇಷ್ಟು ದೂರ ಬಸ್ಸಲ್ಲಿ ಬಂದಿದ್ದೀನಿ, ಮುಗಿಸಿಬಿಡೋಣ’ ಎಂದು ಹಲ್ಲು ಕಚ್ಚಿ ಕೂರುವುದು ಧೈರ್ಯವಲ್ಲ. ಬಿಗಿತ ಒಂದರಿಂದ ನಾಲ್ಕು ನಿಮಿಷದಲ್ಲಿ ತುದಿ ಮುಟ್ಟುತ್ತದೆ. ಸಾಲ್ಬುಟಮಾಲ್ ಕೊಟ್ಟರೆ ಸಾಮಾನ್ಯವಾಗಿ ಐದು ಹತ್ತು ನಿಮಿಷದಲ್ಲಿ ಸಡಿಲುತ್ತದೆ, ಕೊಡದಿದ್ದರೆ ತಾನಾಗಿ ಇಳಿಯಲು ಒಂದು ಗಂಟೆಗಿಂತ ಹೆಚ್ಚೂ ಹಿಡಿಯಬಹುದು.

ಆದ್ದರಿಂದ ಕೊನೆಯ ಊದುವಿಕೆ ಆಗದೆ ಕುರ್ಚಿ ಬಿಟ್ಟು ಏಳಬೇಡಿ. ಮೊದಲು ಬಂದ ಅಂಕಿಯ ಶೇ 90ಕ್ಕೆ ಗಾಳಿ ಮರಳಿದೆ ಎಂದು ಯಂತ್ರ ತೋರಿಸಬೇಕು. ‘ಆರಾಮಿದ್ದೀನಿ’ ಎಂಬ ಮಾತನ್ನು ನಾವು ನಂಬಬಾರದು, ನೀವೂ ನಂಬಬಾರದು. ವರ್ಷಗಟ್ಟಲೆ ಉಬ್ಬಸ ಸಹಿಸಿದವರಿಗೆ ಅರ್ಧ ಮುಚ್ಚಿದ ಎದೆಯೂ ಆರಾಮವೆನಿಸುತ್ತದೆ. ಅಂದಿಡೀ ದಿನ ಪಂಪು ಜೇಬಿನಲ್ಲಿರಲಿ. ಬೈಕ್ ಓಡಿಸಿಕೊಂಡು ಒಬ್ಬರೇ ಹೋಗಬೇಡಿ. ಸಂಜೆ ಮತ್ತೆ ಬಿಗಿದರೆ, ಅಪರೂಪಕ್ಕೆ ಹಾಗಾಗುವುದುಂಟು, ತಡಮಾಡದೆ ಹತ್ತಿರದ ಆಸ್ಪತ್ರೆಗೆ ಹೋಗಿ ‘ಇವತ್ತು ಮೆಥಕೋಲಿನ್ ಪರೀಕ್ಷೆ ಆಗಿದೆ’ ಎಂದೇ ಹೇಳಿ.

ಫಲಿತಾಂಶವನ್ನು ಗೂಗಲ್ ಮುಂದೆ ಹಿಡಿದು ತೀರ್ಮಾನಿಸಬೇಡಿ. ಔಷಧವಿಲ್ಲದೆ, ಇತ್ತೀಚೆಗೆ ತೊಂದರೆ ಇರುವಾಗಲೇ ಮಾಡಿದ ಪರೀಕ್ಷೆ ನೆಗೆಟಿವ್ ಬಂದರೆ ಅಸ್ತಮಾ ಇಲ್ಲ ಎನ್ನಲು ಒಳ್ಳೆಯ ಆಧಾರ. ಪಾಸಿಟಿವ್ ಬಂದರೆ ಅಸ್ತಮಾ ಇದ್ದೇ ಇದೆ ಎಂದಲ್ಲ. ಅಲರ್ಜಿಯ ನೆಗಡಿ ಇರುವವರಲ್ಲಿ, ಬೀಡಿ ಸೇದುವವರಲ್ಲೂ ಹಾಗೆ ಬರುತ್ತದೆ. ಕೆಲಸದ ಜಾಗದ ಧೂಳಿನಿಂದ ಉಬ್ಬಸ ಬರುವವರದು ಇನ್ನೊಂದು ಬಗೆ. ಹಸಿ ಕಾಫಿ ಬೀಜದ ಧೂಳು, ಹಿಟ್ಟಿನ ಧೂಳು ಇದಕ್ಕೆ ಹೆಸರುವಾಸಿ. ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ನಲ್ಲೋ ಬೇಕರಿಯಲ್ಲೋ ದುಡಿಯುವವರು ತಿಂಗಳು ರಜೆ ಹಾಕಿ ಬಂದು ಪರೀಕ್ಷೆ ಮಾಡಿಸಿದರೆ ನೆಗೆಟಿವ್ ಬರಬಹುದು. ಕೆಲಸಕ್ಕೆ ಹೋಗುತ್ತಿರುವಾಗಲೇ ಮಾಡಿಸಬೇಕೆ ಎಂದು ಕೇಳಿ, ಏನು ಕೆಲಸ ಮಾಡುತ್ತೀರೆಂದು ಬಿಡಿಸಿ ಹೇಳಿ.

ನಮ್ಮ ರಾಜ್ಯದಲ್ಲಿ ಈ ಪರೀಕ್ಷೆ ಎಲ್ಲ ಊರಲ್ಲೂ ಸಿಗುವುದಿಲ್ಲ. ಮೆಥಕೋಲಿನ್ ಬದಲು ಮ್ಯಾನಿಟಾಲ್ ಎಂಬ ಒಣ ಪುಡಿಯನ್ನು ಎಳೆಸುವ ವಿಧಾನವೂ ಇದೆ. ಹೆಸರು ಬೇರೆ ಎಂದು ಹೇಳಬೇಕಾದ್ದನ್ನು ಬಿಡಬೇಡಿ. ಅಮೆರಿಕ ಕೆನಡಾಗಳಲ್ಲಿರುವ ಮಕ್ಕಳ ಮನೆಗೆ ಹೋಗಿ ಅಲ್ಲಿ ವೈದ್ಯರನ್ನು ಕಾಣುವ ನಮ್ಮ ಹಿರಿಯರಿಗೆ ಈ ಚೀಟಿ ಸಿಗುವ ಸಂದರ್ಭ ಇನ್ನೂ ಹೆಚ್ಚು. ಅಲ್ಲಿ ಮಗನೋ ಸೊಸೆಯೋ ಅನುವಾದ ಮಾಡುವಾಗ ‘ಅದೆಲ್ಲ ಬಿಡಮ್ಮ, ಇಲ್ಲ ಅಂತ ಹೇಳ್ತೀನಿ’ ಎಂದು ಚುಟುಕಾಗಿಸಬೇಡಿ. ಊರಿಂದ ತಂದ ಕಣ್ಣಿನ ಹನಿ, ಬಿಪಿ ಮಾತ್ರೆ, ಆಯುರ್ವೇದದ ಲೇಹ್ಯ ಎಲ್ಲವೂ ಅಲ್ಲಿನ ದಾಖಲೆಗೆ ಹೋಗಲಿ. ಅಲ್ಲಿನ ಅನೇಕ ಆಸ್ಪತ್ರೆಗಳಲ್ಲಿ ದುಭಾಷಿಯನ್ನು ಕೇಳಿ ಪಡೆಯಬಹುದು. ಕನ್ನಡದವರೇ ಬೇಕು ಎಂದು ಕೇಳಿ ನೋಡಿ.

ವೈದ್ಯ ಮಿತ್ರರಲ್ಲಿ ನನ್ನ ವಿನಂತಿ: ಎದೆಗೆ ಕಿವಿಗೊಟ್ಟ ಕೂಡಲೇ ಉಬ್ಬಸ ಕೇಳಿಸುವ, ಸಾಲ್ಬುಟಮಾಲ್‌ಗೆ ಚೆನ್ನಾಗಿ ಸ್ಪಂದಿಸುವ ರೋಗಿಗೆ ಈ ಪರೀಕ್ಷೆ ಬರೆಯಬೇಡಿ. ಬರೆಯುವುದಾದರೆ ಯಾವ ಔಷಧವನ್ನು ಎಂದಿನಿಂದ ನಿಲ್ಲಿಸಬೇಕೆಂದು ಅದೇ ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಿ. ಲ್ಯಾಬ್ ನಡೆಸುವವರಲ್ಲಿ: ಔಷಧವಾಗಿಯೇ ತಯಾರಾದ ಮೆಥಕೋಲಿನ್ ಬಳಸಿ, ಬೆರೆಸಿದ ದಿನಾಂಕ ಮತ್ತು ಪ್ರಮಾಣವನ್ನು ಪ್ರತಿ ಸೀಸೆಯ ಮೇಲೂ ಬರೆದಿಡಿ. ಕೋಣೆಗೆ ಗಾಳಿಯಾಡಲಿ, ನೆಬುಲೈಸರ್‌ನ ಹೊರದಾರಿಗೆ ಫಿಲ್ಟರ್ ಇರಲಿ. ರೋಗಿ ಹೊರಬಿಟ್ಟ ಮಂಜನ್ನು ಇಡೀ ದಿನ ಉಸಿರಾಡುವವರು ನಿಮ್ಮ ಸಿಬ್ಬಂದಿ, ಅವರಲ್ಲೂ ಅಸ್ತಮಾ ಇರುವವರಿದ್ದಾರೆ. ಪರೀಕ್ಷೆಯಲ್ಲಿ ಯಾರಿಗಾದರೂ ತೊಂದರೆಯಾದರೆ ದಾಖಲಿಸಿ, ಮೇಲಿನವರಿಗೆ ತಿಳಿಸಿ. ಬಾಲ್ಟಿಮೋರ್‌ನಲ್ಲಿ ಮೊದಲ ಕೆಮ್ಮನ್ನು ಗಂಭೀರವಾಗಿ ಹಿಡಿದಿದ್ದರೆ ಮುಂದಿನದನ್ನು ತಡೆಯಲು ಅವಕಾಶವಾದರೂ ಸಿಗುತ್ತಿತ್ತು.

ಆರೋಗ್ಯ ಇಲಾಖೆಯಲ್ಲಿ, ಮೆಡಿಕಲ್ ಕಾಲೇಜುಗಳ ಮುಖ್ಯಸ್ಥರಲ್ಲಿ ಕೇಳುವುದು ಎರಡು. ಮೊದಲನೆಯದಾಗಿ, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಕೆಲಸ ಮಾಡುವ ಸ್ಪೈರೊಮೀಟರ್, ಅದನ್ನು ನಡೆಸಲು ತರಬೇತಾದ ಒಬ್ಬರು ಇರಲಿ; ಅಷ್ಟಿದ್ದರೆ ಮೆಥಕೋಲಿನ್‌ವರೆಗೆ ಹೋಗಬೇಕಾದವರ ಸಂಖ್ಯೆಯೇ ಇಳಿಯುತ್ತದೆ. ಎರಡನೆಯದಾಗಿ, ಈ ಪರೀಕ್ಷೆ ಮಾಡುವ ಕೇಂದ್ರಗಳೆಲ್ಲ ಒಪ್ಪಿಗೆ ಪತ್ರವನ್ನೂ ಪ್ರಶ್ನೆಪಟ್ಟಿಯನ್ನೂ ಕನ್ನಡದಲ್ಲಿ ಕೊಡಲಿ. ಅದರಲ್ಲಿ ಕಣ್ಣಿನ ಹನಿ, ಕೀಟನಾಶಕ, ನಾಟಿ ಪುಡಿ, ಕೆಮ್ಮಿನ ಸಿರಪ್ಪು ಇವುಗಳ ಹೆಸರು ಬಿಡಿಬಿಡಿಯಾಗಿ ಇರಲಿ. ಪರೀಕ್ಷೆಗೆ ಹೋದಾಗ ಕನ್ನಡದ ಹಾಳೆ ಇಲ್ಲದಿದ್ದರೆ ಕೌಂಟರಿನಲ್ಲಿ ಕೇಳಿ, ಸಿಗದಿದ್ದರೆ ದೂರಿನ ಪುಸ್ತಕದಲ್ಲಿ ಬರೆದು ಬನ್ನಿ. ಓದಲು ಬಾರದವರಿಗೆ ಸಿಬ್ಬಂದಿಯೇ ಪಕ್ಕದಲ್ಲಿ ಕೂತು, ಪ್ರತಿ ಪ್ರಶ್ನೆಯನ್ನೂ ನಿಧಾನವಾಗಿ ಓದಿ ಹೇಳಲಿ. ಅದಕ್ಕೆ ಹಿಡಿಯುವ ಹೊತ್ತನ್ನು ಪರೀಕ್ಷೆಯ ಹೊತ್ತಿನಲ್ಲೇ ಸೇರಿಸಿ ದಿನ ಗೊತ್ತುಮಾಡಲಿ.